ಹನ್ನೆರಡು ಗ್ರಾಂ ಹರಿಕೇನ್

ಕೊಡಗಿನ ಮಳೆಗಾಲದಲ್ಲಿ ಬಾಲ್ಸಾ ಎಂಬ ಹಗುರ ಮರದ ಮಾದರಿ ವಿಮಾನ ಕಟ್ಟಲು ಕೂರುವುದು ಬುದ್ಧಿವಂತರ ಕೆಲಸವಲ್ಲ. ಆ ಮರ ಗಾಳಿಯಲ್ಲಿನ ತೇವವನ್ನೆಲ್ಲ ಹೀರುತ್ತದೆ, ಮೇಲೆ ಹೊದಿಸಿದ ಟಿಶ್ಯೂ ಕಾಗದ ಜೋತು ಬೀಳುತ್ತದೆ, ಅಂಟು ಒಣಗುವುದೇ ಇಲ್ಲ. ಆದರೆ ಬೇರೆ ಕಾಲದಲ್ಲಿ ಪುರುಸೊತ್ತೆಲ್ಲಿ? ಕಾಫಿ ಕೊಯ್ಲು, ಕರಿಮೆಣಸು, ಆಮೇಲೆ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಪೈಪು ಹೊರುವುದು. ಜಡಿಮಳೆಯ ಕಕ್ಕಡ ತಿಂಗಳು ಬಂದು, ಅಂಗಳಕ್ಕೆ ಕಾಲಿಟ್ಟರೆ ಜಿಗಣೆ ಎನ್ನುವಂತಾದಾಗಲೇ ನನ್ನ ಕೈ ಖಾಲಿ.

ಈ ಸಲ ಮೇಜಿನ ಮೇಲೆ ನಕ್ಷೆ ಹರಡುತ್ತಿದ್ದಂತೆ ಮಾವ ಬಂದು ಎದುರು ಕೂತರು. ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾದವರು. ನಮ್ಮ ಕಡೆ ಯುದ್ಧವಿಮಾನದ ಮಾತು ಬಂದರೆ ಅದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹತ್ತಿರ ಹೋಗಿ ನಿಲ್ಲಲೇಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು, ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಯುದ್ಧವಿಮಾನವನ್ನು ಮಿಸ್ಟೇರ್ ವಿಮಾನದಿಂದ ಹೊಡೆದುರುಳಿಸಿ ತಾವೂ ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಆ ಇಪ್ಪತ್ಮೂರು ವರ್ಷದ ತಡ ಮಾವನಿಗೆ ಇವತ್ತಿಗೂ ಸ್ವಂತ ಬಾಕಿಯೇ. ಹಾಗಾಗಿ ಅವರ ಮೊದಲ ಪ್ರಶ್ನೆ: "ಮಿಸ್ಟೇರ್ ಯಾಕೆ ಕಟ್ಟಬಾರದು?"

ಅದು ಜೆಟ್, ಮಾವ. ನನ್ನದು ರಬ್ಬರ್ ಹುರಿಯಿಂದ ಹಾರುವಂಥದ್ದು. ಹುರಿ ಬಿಚ್ಚಿಕೊಳ್ಳುವಾಗ ತಿರುಗಿಸಲು ಮೂತಿಗೊಂದು ಪ್ರೊಪೆಲ್ಲರ್ ಬೇಕೇ ಬೇಕು. ಈ ಉಪಾಯ ಹಳೆಯದು. ಆಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ತರುಣ 1871ರ ಆಗಸ್ಟಿನಲ್ಲಿ ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ಇಂಥದ್ದೊಂದನ್ನು 11 ಸೆಕೆಂಡು ಹಾರಿಸಿ ತೋರಿಸಿದ್ದ. ರೈಟ್ ಸಹೋದರರಲ್ಲಿ ಹಿರಿಯನಿಗೆ ಆಗ ನಾಲ್ಕು ವರ್ಷ, ಕಿರಿಯ ಹುಟ್ಟಿದ್ದು ಅದೇ ತಿಂಗಳು; ವಿಮಾನ ಹುಟ್ಟಿರಲಿಲ್ಲ.

ಮಾವನಿಗೆ ಪೆನೋ ಹಿಡಿಸಲಿಲ್ಲ. ಹಿಡಿಸಿದ್ದು ಇನ್ನೊಂದು ಸಂಗತಿ. ದೇವಯ್ಯನವರು ಅಂದು ಹಾರಿದ್ದು ಒಂದನೇ ಸ್ಕ್ವಾಡ್ರನ್‌ನಿಂದ. ಅದೇ ಸ್ಕ್ವಾಡ್ರನ್ 1944ರಲ್ಲಿ ಅರ್ಜನ್ ಸಿಂಗರ ಕೈಕೆಳಗೆ ಇಂಫಾಲದಲ್ಲಿ ಜಪಾನೀಯರ ವಿರುದ್ಧ ಹಾರಿಸಿದ್ದು ಹಾಕರ್ ಹರಿಕೇನ್ ಎಂಬ ಯುದ್ಧವಿಮಾನ. ನಾನು ಹರಡಿದ್ದ ನಕ್ಷೆ ಅದರದ್ದೇ. "ಹಾಗಾದರೆ ಸರಿ" ಎಂದು ಕುರ್ಚಿ ಹತ್ತಿರ ಎಳೆದುಕೊಂಡರು.

ನಾನು ಹರಿಕೇನನ್ನು ಆರಿಸಿದ್ದಕ್ಕೆ ಕಾರಣ ಬೇರೆಯೇ. ಎಲ್ಲರೂ ಅದೇ ಕಾಲದ ಸ್ಪಿಟ್‌ಫೈರ್ ವಿಮಾನವೆಂದರೆ ಬಾಯಿಬಿಡುತ್ತಾರೆ, ಆದರೆ ಅದರ ಮೈಯೆಲ್ಲ ಲೋಹದ ತಗಡು. ಕಾಗದ ಹೊದಿಸಿ ಅದನ್ನು ತಗಡೆಂದು ನಂಬಿಸಬೇಕು. ಹರಿಕೇನಿನ ಹಿಂಭಾಗ ಹಾಗಲ್ಲ: ಉಕ್ಕಿನ ಕೊಳವೆಗಳ ಅಸ್ಥಿ, ಅದರ ಮೇಲೆ ಮರದ ಚೌಕಟ್ಟು, ಉದ್ದುದ್ದ ಮರದ ಪಟ್ಟಿಗಳು, ಎಲ್ಲದರ ಮೇಲೆ ಬಿಗಿಯಾಗಿ ಎಳೆದ ಬಟ್ಟೆ. ನಿಜವಾದ ವಿಮಾನದಲ್ಲೇ ಬಟ್ಟೆಯಡಿಯಿಂದ ಪಟ್ಟಿಗಳು ಏಣಾಗಿ ಕಾಣುತ್ತವೆ. ಹದಿನಾರನೇ ಒಂದಂಗುಲದ ಬಾಲ್ಸಾ ಕಡ್ಡಿಗಳ ಮೇಲೆ ಟಿಶ್ಯೂ ಎಳೆದರೆ ಸಿಗುವುದೂ ಅದೇ ನೋಟ. ಸುಳ್ಳು ಹೇಳಬೇಕಿಲ್ಲ. ನಲವತ್ತು ಅಡಿಯ ರೆಕ್ಕೆ ಹದಿಮೂರು ಅಂಗುಲಕ್ಕೆ ಇಳಿಯುತ್ತದೆ, ಅಷ್ಟೇ. ಹದಿಮೂರು ಅಂಗುಲವೇ ಯಾಕೆಂದರೆ 'ಪೀನಟ್' ಎಂದು ಕರೆಯುವ ಈ ವರ್ಗದ ಕಟ್ಟಳೆ ಅದು.

ಬಾಲ್ಸಾ ಬರುವುದು ಈಕ್ವೆಡಾರ್ ಕಡೆಯಿಂದ, ನಮಗೆ ಬೆಂಗಳೂರಿನ ಅಂಗಡಿಯ ಮೂಲಕ. "ತೋಟದಲ್ಲಿ ಹಾಲುವಾಣ ಇದೆ, ಬೂರುಗ ಇದೆ, ಅವೂ ಹಗುರವಲ್ಲವಾ?" ಎಂದರು ಮಾವ. ಬೂರುಗವೂ ಬಾಲ್ಸಾವೂ ಒಂದೇ ಕುಟುಂಬದ ಮರಗಳು, ಮಾತು ತೀರಾ ತಪ್ಪಲ್ಲ. ಆದರೆ ಒಳ್ಳೆಯ ಬಾಲ್ಸಾ ಹಲಗೆಯನ್ನು ಕೈಗೆತ್ತಿಕೊಂಡರೆ ಕೈಯಲ್ಲಿ ಏನೋ ಇದೆ ಅನಿಸುವುದೇ ಇಲ್ಲ. ರಬ್ಬರಿನದು ಇನ್ನೂ ತಮಾಷೆ: ಸಂಪಾಜೆ ಘಾಟಿ ಇಳಿದರೆ ಸುಳ್ಯದವರೆಗೆ ರಬ್ಬರ್ ತೋಟಗಳು, ನನ್ನ ಪಟ್ಟಿ ಮಾತ್ರ ಅಮೆರಿಕದಿಂದ ಅಂಚೆಯಲ್ಲಿ ಬರಬೇಕು.

ಚೌಕಟ್ಟು ಮುಗಿದಾಗ ತಕ್ಕಡಿ ಆರು ಗ್ರಾಂ ತೋರಿಸಿತು. ಅಲ್ಲಿಂದ ಮಾವನಿಗೂ ನನಗೂ ಜಗಳ. ಹರಿಕೇನಿನ ರೆಕ್ಕೆಯಲ್ಲಿ ಗನ್‌ಗಳಿದ್ದವಲ್ಲ, ಎಲ್ಲಿ? ಒಳಗೆ ಪೈಲಟ್ ಎಲ್ಲಿ? ಹಸಿರು-ಕಂದು ಬಣ್ಣ ಬಳಿಯುವುದಿಲ್ಲವೇ? ಒಂದೊಂದೂ ನ್ಯಾಯವಾದ ಬೇಡಿಕೆ, ಒಂದೊಂದೂ ಅರ್ಧ ಗ್ರಾಂ, ಒಂದು ಗ್ರಾಂ. ಇಷ್ಟು ಸಣ್ಣ ವಿಮಾನದಲ್ಲಿ ತೂಕ ಹೆಚ್ಚಿದರೆ ವೇಗ ಹೆಚ್ಚಬೇಕು, ವೇಗಕ್ಕೆ ದಪ್ಪ ರಬ್ಬರ್ ಬೇಕು, ದಪ್ಪ ರಬ್ಬರೂ ತೂಕವೇ, ಮೇಲಾಗಿ ಬೇಗ ಬಿಚ್ಚಿ ಮುಗಿಯುತ್ತದೆ. ಗನ್‌ಗಳಿಗೆ ಪೆನ್ನಿನಿಂದ ಕಪ್ಪು ಚುಕ್ಕೆ ಇಟ್ಟೆ. ಬಣ್ಣದ ಬದಲು ಬಣ್ಣದ ಟಿಶ್ಯೂ. ಪೈಲಟ್ ಇಲ್ಲವೇ ಇಲ್ಲ. ಅದಕ್ಕೆ ಮಾವ ಎರಡು ದಿನ ಮಾತು ಬಿಟ್ಟರು.

ರೆಕ್ಕೆಯ ಗುರುತಿನಲ್ಲಿ ಮಾತ್ರ ನಾನು ಅವರಿಗಿಂತ ಹಟಮಾರಿ. ಬರ್ಮಾ ರಣರಂಗದ ವಿಮಾನಗಳ ವೃತ್ತದ ನಡುವೆ ಕೆಂಪು ಬೊಟ್ಟು ಇರಲಿಲ್ಲ. ಜಪಾನಿನ ಕೆಂಪು ಸೂರ್ಯನೆಂದು ತಿಳಿದು ನಮ್ಮವರೇ ಗುಂಡು ಹಾರಿಸಿಬಿಡಬಾರದೆಂದು ಅದನ್ನು ತೆಗೆದಿದ್ದರು. ಕಡುನೀಲಿ, ಒಳಗೆ ತಿಳಿನೀಲಿ, ಎರಡೇ ಬಣ್ಣ. ಸೈನಿಕನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಹೊದಿಕೆಯೇ ನಿಜವಾದ ಪರೀಕ್ಷೆ. ಅಂಟಿಸಿದ ಟಿಶ್ಯೂ ಮೇಲೆ ನೀರಿನ ಹನಿ ಸಿಂಪಡಿಸಿದರೆ ಅದು ಒಣಗುತ್ತ ಸೆಳೆದುಕೊಂಡು ಚೆಂಡೆಯ ಚರ್ಮದಂತೆ ಬಿಗಿಯಾಗಬೇಕು. ಒಣಗಿದರೆ ತಾನೆ! ಮೇಲೆ ತೆಳುವಾಗಿ ಡೋಪ್ ಎಂಬ ವಾರ್ನಿಷ್ ಬಳಿದರೆ ಗಾಳಿಯ ತೇವ ಅದರಲ್ಲಿ ಸೇರಿ ಬೂದಿ ಬಡಿದಂತೆ ಬೆಳ್ಳಗಾಗುತ್ತದೆ. ಕೊನೆಗೆ ರೆಕ್ಕೆಯನ್ನು ಡೊಂಕಾಗದಂತೆ ಹಲಗೆಗೆ ಪಿನ್ನು ಹಾಕಿ, ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಸೌದೆಯ ಪಕ್ಕ ಮಲಗಿಸಿದೆ. ಅತ್ತೆ ಏನೂ ಹೇಳಲಿಲ್ಲ, ಆದರೆ ನೋಡಿದ ನೋಟ ಸಾಕಿತ್ತು. ಬಿಗಿಯೇನೋ ಬಂತು. ಜೊತೆಗೆ ತೆಳು ಹೊಗೆಯ ಬಣ್ಣವೂ ಬಂತು, ನಾಲ್ಕು ತಿಂಗಳು ಇಂಫಾಲದ ಕೆಸರಲ್ಲಿ ನಿಂತ ವಿಮಾನದ ಕಳೆ. ದುಡ್ಡು ಕೊಟ್ಟರೂ ಸಿಗದಂಥದ್ದು. ಎಲ್ಲ ಸೇರಿ ಹನ್ನೆರಡು ಗ್ರಾಂ, ರಬ್ಬರ್ ಬಿಟ್ಟು.

ಸೆಪ್ಟೆಂಬರ್ 3ರಂದು, ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ಬೆಳಿಗ್ಗೆ ನಡುಮನೆಯಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಇಟ್ಟು ತೋಕ್‌ಪೂ ಎಂಬ ಕೋವಿ ಹೂ ಮುಡಿಸುವ ಹೊತ್ತಿಗೆ ನೋಡುತ್ತೇನೆ, ಸಾಲಿನ ತುದಿಯಲ್ಲಿ ಹರಿಕೇನ್. ಮಾವನ ಕೆಲಸ. "ಇದೂ ಆಯುಧವೇ" ಎಂದರು. ಹೂ ಇಡಬೇಡಿ, ತೂಕ ಎಂದೆ. ಗಂಧ ಮಾತ್ರ ಚಿಟಿಕೆಯಷ್ಟು ಬಿತ್ತು.

ಕಡಂಬುಟ್ಟು, ಪಂದಿಕರಿ ಮುಗಿದ ಮೇಲೆ ಎಲ್ಲರೂ ಊರ ಮೈದಾನಕ್ಕೆ. ಅಪರೂಪಕ್ಕೆ ಮಳೆ ಹೊಳವಾಗಿತ್ತು, ಗಾಳಿಯೂ ಇರಲಿಲ್ಲ. ಮೊದಲು ರಬ್ಬರ್ ಸುತ್ತದೆ ಎತ್ತರದ ಹುಲ್ಲಿನ ಮೇಲೆ ಸುಮ್ಮನೆ ತೇಲಿಬಿಟ್ಟೆ. ಮೂತಿ ಎತ್ತಿ, ತಡೆದು, ಕುಸಿಯಿತು. ಹರಿಕೇನಿನ ಮೂತಿ ಗಿಡ್ಡ, ಹೀಗಾಗುವುದು ಸಹಜ. ಇಷ್ಟು ಉಳಿಸಿದ ತೂಕದಲ್ಲಿ ಒಂದು ಪಾಲನ್ನು ಜೇಡಿಯಾಗಿ ಮೂತಿಗೇ ತುಂಬಬೇಕಾದದ್ದು ಈ ವಿದ್ಯೆಯ ವ್ಯಂಗ್ಯ. ಆಮೇಲೆ ನೂರು ಸುತ್ತು ಕೊಟ್ಟಾಗ ಬಲ ಇರುವಷ್ಟು ಹೊತ್ತು ಮತ್ತೆ ಮೂತಿ ಎತ್ತಿತು. ಪ್ರೊಪೆಲ್ಲರ್ ಕೂರಿಸಿದ ಗುಬುಟಿನ ಮೇಲಂಚಿಗೆ ಬೆಂಕಿಪೆಟ್ಟಿಗೆಯ ರಟ್ಟಿನ ಚೂರು ಸಿಕ್ಕಿಸಿ ಎಳೆತದ ದಿಕ್ಕನ್ನು ತುಸು ಕೆಳಗೆ ಮಾಡಿದೆ.

ಕೊನೆಗೆ ಪೂರ್ತಿ ಸುತ್ತು. ಮಾವ ವಿಮಾನ ಹಿಡಿದರು. ನಾನು ಹರಳೆಣ್ಣೆ ಸವರಿದ ರಬ್ಬರನ್ನು ನಾಲ್ಕು ಪಟ್ಟು ಹಿಂದಕ್ಕೆಳೆದು, ಕೈಡ್ರಿಲ್ಲಿನಿಂದ ಸುತ್ತುತ್ತ ಸುತ್ತುತ್ತ ಹತ್ತಿರ ನಡೆದು ಬಂದೆ. ಬಿಟ್ಟ ಕೂಡಲೇ ಎಡಕ್ಕೆ ವಾಲಿ, ಹಾಗೇ ದೊಡ್ಡ ವೃತ್ತದಲ್ಲಿ ಏರಿತು. ಸಿಲ್ವರ್ ಓಕ್‌ಗಳ ಅರ್ಧ ಎತ್ತರದಲ್ಲಿ ಎರಡು ಸುತ್ತು ಹಾಕಿತು. ರಬ್ಬರ್ ಮುಗಿದ ಮೇಲೆ ಪ್ರೊಪೆಲ್ಲರ್ ಸುಮ್ಮನೆ ತಿರುಗುತ್ತ ಗದ್ದೆಯ ಕಡೆಗೆ ಇಳಿಯಿತು. ಮಾವ ಕವಾಯತಿನ ದನಿಯಲ್ಲಿ ಎಣಿಸುತ್ತಿದ್ದರು; ಅರ್ಧ ನಿಮಿಷಕ್ಕೆ ಸ್ವಲ್ಪ ಕಡಿಮೆ.

ಹುಡುಗರು ಗದ್ದೆಯಿಂದ ಎತ್ತಿ ತರುವಾಗ ಎಡರೆಕ್ಕೆಯ ಕಾಗದ ಹರಿದಿತ್ತು. ಅಷ್ಟರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯವರು ಮರಕ್ಕೆ ಕಾಯಿ ಕಟ್ಟಲು ಬಂದು ಮೈದಾನ ಖಾಲಿ ಮಾಡಿಸಿದರು. ನಾನು ಅಂಚಿನಲ್ಲಿ ಕೂತು ತೇಪೆ ಹಾಕುತ್ತಿದ್ದೆ. ಮಾವ ಕೋವಿ ಹೆಗಲಿಗೇರಿಸಿಕೊಂಡು ಬಂದವರು ಗುರಿ ನೋಡುವುದು ಬಿಟ್ಟು ನನ್ನ ಪಕ್ಕ ಕುಕ್ಕರಿಸಿದರು.

"ರಬ್ಬರನ್ನು ಒಳಗಿಡದೆ ಕವಣೆಯ ಹಾಗೆ ಹೊರಗಿಂದ ಎಳೆದು ಬಿಟ್ಟರೆ ಪ್ರೊಪೆಲ್ಲರ್ ಯಾಕೆ ಬೇಕು? ಮಿಸ್ಟೇರ್ ಹಾರುತ್ತದಲ್ಲ?"

ಹಾರುತ್ತದೆ. ಹಿಂದಕ್ಕೆ ಬಾಗಿದ ರೆಕ್ಕೆಗೆ ತೆಳು ಬಾಲ್ಸಾ ಹಲಗೆ ಸಾಕು, ಕಾಗದವೂ ಬೇಡ, ಅಟ್ಟವೂ ಬೇಡ. ಮನೆಯಲ್ಲಿ ಅಂಥ ಹಲಗೆ ಒಂದೂ ಉಳಿದಿರಲಿಲ್ಲ. ಮರುದಿನ ಬೆಂಗಳೂರಿಗೆ ಆರ್ಡರ್ ಹಾಕಿದೆ, ದುಡ್ಡು ಮಾವ ಕೊಟ್ಟರು.