ಕಾಡಿಗೆ ಬೆನ್ನು ಮಾಡಿ ಕೂತವರು

ಚಿಕ್ಕಮಗಳೂರು ಬಿಟ್ಟಾಗ ಬೆಳಿಗ್ಗೆ ಆರೂವರೆ. ಮೂಡಿಗೆರೆಯಲ್ಲಿ ಕೋತಿಗಳಿಗೆಂದು ಒಂದು ಚಿಪ್ಪು ಬಾಳೆಹಣ್ಣು ಕೊಂಡು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿಗೆ ಇಳಿಯುವಷ್ಟರಲ್ಲಿ ಮಂಜು ಕರಗತೊಡಗಿತ್ತು. ತಿರುವೊಂದರಲ್ಲಿ ತಡೆಗೋಡೆಯುದ್ದಕ್ಕೂ ಕೋತಿಗಳು. ಮರಿಯನ್ನು ಹೊಟ್ಟೆಗವುಚಿಕೊಂಡ ತಾಯಂದಿರೂ ಇದ್ದವು. ಅಷ್ಟು ದೊಡ್ಡ ಕಾಡಿಗೆ ಬೆನ್ನು ಮಾಡಿ, ಎಲ್ಲವೂ ರಸ್ತೆಯನ್ನೇ ನೋಡುತ್ತ ಕೂತಿದ್ದವು.

ಮುಂದಿದ್ದ ಕಾರಿನ ಕಿಟಕಿಯಿಂದ ಚಿಪ್ಸ್ ಪೊಟ್ಟಣವೊಂದು ಹೊರಬಿತ್ತು. ಗಂಡುಕೋತಿಯೊಂದು ನಮ್ಮ ಬೈಕಿಗೆ ಅಡ್ಡ ಹಾರಿತು. ಗೆಳೆಯ ಬ್ರೇಕ್ ಒತ್ತಿದ, ಒಂದು ಗೇಣಿನಲ್ಲಿ ಉಳಿಯಿತು. ಅದು ಕೆನ್ನೆಚೀಲ ತುಂಬಿಕೊಂಡು ಗೋಡೆ ಏರಿದ ಮೇಲೆ, ಮರಿಯೊಂದು ಬಂದು ಖಾಲಿ ಪ್ಲಾಸ್ಟಿಕ್ ನೆಕ್ಕತೊಡಗಿತು. ನನ್ನ ಚೀಲದಲ್ಲಿದ್ದ ಹಣ್ಣನ್ನು ಹೊರತೆಗೆಯಲು ಕೈ ಬರಲಿಲ್ಲ.

ನೆತ್ತಿಯ ಕೂದಲನ್ನು ಬೈತಲೆ ತೆಗೆದು ಟೋಪಿಯಂತೆ ಹರಡಿಕೊಂಡ ಈ ಕೋತಿಗೆ ದಕ್ಷಿಣ ಭಾರತವೇ ತವರು. ಎಲ್ಲೆಂದರಲ್ಲಿ ಕಾಣುತ್ತದೆಂದು ನಾವು ಲೆಕ್ಕಕ್ಕಿಡುವುದಿಲ್ಲ, ಆದರೆ ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಇದು ಈಗ ಅಪಾಯಕ್ಕೆ ಸಿಲುಕಿರುವ ಜೀವಿ. ಬಯಲುಸೀಮೆ ಕಡೆ ಇವು ಬಾಳುತ್ತಿದ್ದದ್ದು ಸಾಲುಮರಗಳಲ್ಲಿ: ಆಲ, ಅರಳಿ, ಹುಣಸೆ. ರಸ್ತೆ ಅಗಲವಾಯಿತು, ಮರ ಉರುಳಿತು. ಕೋತಿ ಬಸ್‌ಸ್ಟ್ಯಾಂಡಿಗೂ ಮನೆಯ ಹೆಂಚಿಗೂ ಬಂತು.

ವಾಪಸು ಬರುವಾಗ ಕೊಟ್ಟಿಗೆಹಾರದಲ್ಲಿ ಚಹಾ ಕೊಟ್ಟವರು ತೋಟವೂ ಇರುವವರು. "ಪೇಟೇಲಿ ಹಿಡಿದಿದ್ದನ್ನ ರಾತ್ರಿ ತಂದು ಇಲ್ಲಿ ಬಿಟ್ಟು ಹೋಗ್ತಾರೆ ಸಾರ್. ಅವಕ್ಕೆ ಕಾಡು ಎಲ್ಲಿ ಗೊತ್ತು? ನಮ್ಮ ಬಾಳೆ, ಏಲಕ್ಕಿ ಗೊತ್ತು. ಒಂದು ಗೊನೆ ಮನೆಗೆ ಬಂದಿಲ್ಲ ಈ ವರ್ಷ." ಅವರ ಸಿಟ್ಟು ನ್ಯಾಯವಾದದ್ದೇ. ಆದರೂ ಅದನ್ನು ಕೇಳುವಾಗ ನನಗೆ ನೆನಪಾದದ್ದು ಪಕ್ಕದ ಹಾಸನ ಜಿಲ್ಲೆಯ ಚೌಡನಹಳ್ಳಿ. 2021ರ ಜುಲೈನಲ್ಲಿ ಅಲ್ಲಿ ರಸ್ತೆಬದಿ ಬಿದ್ದಿದ್ದ ಚೀಲಗಳಲ್ಲಿ 38 ಕೋತಿಗಳ ಹೆಣ ಸಿಕ್ಕಿದ್ದವು. ಜೀವ ಉಳಿದಿದ್ದವಕ್ಕೆ ಊರವರು ನೀರು ಕುಡಿಸಿದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ಆ ಸುದ್ದಿ ಓದಿದ ರಾತ್ರಿ ನಾನು ಊಟ ಮಾಡಿರಲಿಲ್ಲ.

ಅವರಿಗೆ ಅದನ್ನು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಕೊಲ್ಲೋದು ತಪ್ಪು ಸಾರ್" ಎಂದರು. "ಆದ್ರೆ ಕಾರಿಂದ ಎಸೆಯೋರನ್ನ ಯಾರು ಕೇಳ್ತಾರೆ?"

ಬಾಳೆಹಣ್ಣಿನ ಚಿಪ್ಪನ್ನು ಅವರ ಮೊಮ್ಮಗಳ ಕೈಗೆ ಕೊಟ್ಟು ಬೈಕ್ ಹತ್ತಿದೆವು.