ಹತ್ತಿ ರಾಶಿಯಲ್ಲಿ ಕಲಿತ ಹಿಮ

ವಿಜಯಪುರದವನು ಹಿಮದ ಫೋಟೋ ತೆಗೆಯಲು ಹೊರಟರೆ ಮನೆಯಲ್ಲಿ ಏನು ಕೇಳಬೇಕಾಗುತ್ತದೋ ಅದನ್ನೆಲ್ಲ ಕೇಳಿದ್ದೇನೆ. "ನೆತ್ತಿ ಸುಡೋ ಊರಾಗ ಹುಟ್ಟಿ ನಿನಗ್ಯಾಕಪಾ ಈ ಹುಚ್ಚು" ಅಂದಳು ಅವ್ವ. ಅವಳ ಸಿಟ್ಟು ಹಿಮದ ಮೇಲಲ್ಲ, ಫ್ರಿಜ್ಜಿನ ವಿಷಯಕ್ಕೆ. ಮೊಸರಿನ ಡಬ್ಬಿ ಇಡೋ ಜಾಗದಲ್ಲಿ ನನ್ನ ಫಿಲ್ಮ್ ಡಬ್ಬಿಗಳು ಕೂತು ಆರು ತಿಂಗಳಾಗಿತ್ತು.

ಆ ಡಬ್ಬಿಗಳಲ್ಲಿ ಇದ್ದದ್ದು ಇಲ್‌ಫೋರ್ಡ್ ಪ್ಯಾನ್ ಎಫ್ ಪ್ಲಸ್. ಕಪ್ಪು-ಬಿಳುಪು, ಐಎಸ್ಒ 50. ತುಂಬಾ ನಿಧಾನದ ಫಿಲ್ಮ್, ಅಂದರೆ ಬೆಳಕು ಜಾಸ್ತಿ ಬೇಕು. ಮನೆಯೊಳಗೆ ಇದನ್ನು ಹಾಕಿಕೊಂಡರೆ ಕೈ ನಡುಗಿ ಎಲ್ಲಾ ಮಸುಕು. ಆದರೆ ಬಿಸಿಲು ಬಿದ್ದ ಹಿಮದಲ್ಲಿ ಬೆಳಕಿಗೇನು ಬರ? ನನ್ನ ಹಳೇ ಕ್ಯಾಮೆರಾ ಪೆಂಟಾಕ್ಸ್ ಕೆ1000ರ ಶಟರ್ ಸೆಕೆಂಡಿನ 1/1000ಕ್ಕಿಂತ ಜೋರಾಗಿ ಓಡಲ್ಲ. 400ರ ಫಿಲ್ಮ್ ಹಾಕಿದರೆ ಅಂಥ ಬಿಸಿಲಲ್ಲಿ ಲೆನ್ಸನ್ನು ಎಫ್ 11ಕ್ಕಿಂತ ತೆರೆಯೋಕೇ ಆಗಲ್ಲ (ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). 50 ಆದರೆ ಎಫ್ 4ರವರೆಗೂ ಆರಾಮ. ಫಿಲ್ಮಿನ ಕಾಳು ಕಾಣದಷ್ಟು ನುಣುಪು ಬೇರೆ.

ಹೋಗುವ ಮೊದಲು ಎಲ್ಲಾದರೂ ಅಭ್ಯಾಸ ಮಾಡಬೇಕಲ್ವಾ. ನಮ್ಮಲ್ಲಿ ಹಿಮದಷ್ಟು ಬೆಳ್ಳಗಿರೋದು ಏನಿದೆ ಅಂತ ಯೋಚಿಸಿದಾಗ ಹೊಳೆದದ್ದು ಹತ್ತಿ. ಡಿಸೆಂಬರ್‌ನಲ್ಲಿ ಊರ ಹೊರಗಿನ ಒಂದು ಜಿನ್ನಿಂಗ್ ಮಿಲ್ಲಿನ ಅಂಗಳಕ್ಕೆ ಹೋದೆ. ಆಳೆತ್ತರದ ರಾಶಿಗಳು, ಮೇಲೆ ಸುಡು ಬಿಸಿಲು. ನಾನು ಮೊಣಕಾಲೂರಿ ಫೋಕಸ್ ಮಾಡುತ್ತಿದ್ದರೆ ಹಮಾಲರೊಬ್ಬರು ಬಂದು, "ಏನ್ರಿ ಸರ್, ಇನ್ಶೂರೆನ್ಸಿನವರೇನ್ರಿ? ಬೆಂಕಿ ಬಿದ್ದಿಲ್ಲಲ್ರಿ ಇಲ್ಲೆ" ಅಂದರು. ಹಿಮದ ತಾಲೀಮು ಅಂತ ಹೇಳಿದರೆ ನಂಬುತ್ತಿದ್ದರಾ? ಸುಮ್ನೆ ನಕ್ಕೆ.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿನ ಮುಳ್ಳನ್ನು ಸರಿಯಾಗಿ ನಡುವಿಗೆ ತಂದು ಇಡೀ ರೋಲ್ ಹೊಡೆದೆ. ತೊಳೆದು ನೋಡಿದರೆ ಹತ್ತಿಯಲ್ಲ, ಸಿಮೆಂಟ್ ರಾಶಿ!

ಕ್ಯಾಮೆರಾದ ತಪ್ಪಲ್ಲ ಅದು. ಮೀಟರಿಗೆ ಬಿಳಿ ಅಂದರೇನು ಗೊತ್ತೇ ಇಲ್ಲ. ಎದುರಿಗೆ ಏನೇ ಇರಲಿ, ಅದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 18 ಪರ್ಸೆಂಟ್ ವಾಪಸ್ ಕಳಿಸುವ ಬೂದು ವಸ್ತು ಅಂತಲೇ ಅದರ ಲೆಕ್ಕ. ಎಮ್ಮೆಯನ್ನು ತೋರಿಸಿದರೂ ಬೂದು, ಸುಣ್ಣದ ಗೋಡೆಯನ್ನು ತೋರಿಸಿದರೂ ಬೂದು. ಹೊಸದಾಗಿ ಬಿದ್ದ ಹಿಮ 80-90 ಪರ್ಸೆಂಟ್ ಬೆಳಕು ವಾಪಸ್ ಕಳಿಸುತ್ತದೆ. ನಾಲ್ಕೈದು ಪಟ್ಟು, ಅಂದರೆ ಎರಡು ಸ್ಟಾಪ್‌ಗಿಂತ ಚೂರು ಜಾಸ್ತಿ (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡು ಪಟ್ಟು). "ಅಯ್ಯೋ ಇಷ್ಟು ಬೆಳಕಾ" ಅಂತ ಮೀಟರ್ ಹೆದರಿ ಕಡಿಮೆ ಮಾಡಿಸುತ್ತದೆ. ನಾವು ಅದರ ಮಾತು ಕೇಳಬಾರದು.

ಮತ್ತೆ ಹೋದೆ. ಒಂದೇ ರಾಶಿಯನ್ನು ಒಂದು ಸ್ಟಾಪ್, ಒಂದೂವರೆ, ಎರಡು ಅಂತ ಏರಿಸುತ್ತಾ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದೂವರೆಯಲ್ಲಿ ಹತ್ತಿ ಹತ್ತಿಯಾಗಿ ಬಂತು. ಒಂದೊಂದು ಎಳೆ ಕಾಣುತ್ತಿತ್ತು, ಅದರಲ್ಲಿ ಸಿಕ್ಕಿಕೊಂಡ ಒಣಗಿದ ಎಲೆಯ ಚೂರು ಕೂಡ. ಎರಡಕ್ಕೆ ಹೋದಾಗ ಬಿಸಿಲು ಬಿದ್ದ ಕಡೆ ಎಲ್ಲಾ ಅಳಿಸಿ ಹೋಗಿತ್ತು. ಈ ಫಿಲ್ಮು ಸ್ವಲ್ಪ ಹಟಮಾರಿ, ಕಾಂಟ್ರಾಸ್ಟ್ ಜಾಸ್ತಿ, ತಪ್ಪನ್ನು ಸುಲಭಕ್ಕೆ ಕ್ಷಮಿಸಲ್ಲ.

ಫೆಬ್ರವರಿಯಲ್ಲಿ ಸೊಲ್ಲಾಪುರಕ್ಕೆ ಬಸ್ಸು, ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್, ದೆಹಲಿಯಿಂದ ಮನಾಲಿಗೆ ರಾತ್ರಿ ಬಸ್ಸು. ಪ್ರಯಾಣದ ಕಥೆ ಬೇಡ, ಬೆನ್ನು ಇನ್ನೂ ನೋಯುತ್ತದೆ. 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿ ಲಾಹೌಲ್ ಕಡೆ ಸಿಸ್ಸುವಿನಲ್ಲಿ ಇಳಿದಾಗ ಒಂದು ಚೂರೂ ಮೋಡವಿಲ್ಲ, ಕಣ್ಣು ಬಿಡಲಾಗದಷ್ಟು ಬಿಳುಪು. ಕ್ಯಾಮೆರಾ ಕಣ್ಣಿಗಿಟ್ಟರೆ ಮುಳ್ಳು ಅಲ್ಲಾಡುತ್ತಿಲ್ಲ! ಕೆ1000ಕ್ಕೆ ಮೀಟರ್ ಆಫ್ ಮಾಡುವ ಸ್ವಿಚ್ಚೇ ಇಲ್ಲ, ಲೆನ್ಸಿನ ಮುಚ್ಚಳ ಹಾಕಿಡಬೇಕು. ರಾತ್ರಿ ಹೋಟೆಲಿನಲ್ಲಿ ಲೈಟ್ ಹಾಕಿಟ್ಟು, ಮುಚ್ಚಳ ತೆಗೆದಿಟ್ಟು ಮಲಗಿದ್ದೆ. ಮೊದಲೇ ಬಡವಾಗಿದ್ದ ಬ್ಯಾಟರಿಯನ್ನು ಚಳಿ ಪೂರ್ತಿ ಮುಗಿಸಿತ್ತು.

ಪುಣ್ಯಕ್ಕೆ ಶಟರಿಗೆ ಬ್ಯಾಟರಿ ಬೇಕಿಲ್ಲ. ಹಳಬರ ಲೆಕ್ಕ ಇದೆಯಲ್ಲ, ಒಳ್ಳೆ ಬಿಸಿಲಿದ್ದರೆ ಎಫ್ 16 ಇಟ್ಟು ಫಿಲ್ಮಿನ ಐಎಸ್ಒ ಎಷ್ಟೋ ಅಷ್ಟು ಶಟರ್ ಅಂತ. 50ಕ್ಕೆ ಹತ್ತಿರದ 1/60. ಈ ಲೆಕ್ಕ ಬೀಳುವ ಬಿಸಿಲನ್ನು ನೋಡುತ್ತದೆ, ಎದುರಿರುವ ವಸ್ತುವಿನ ಬಣ್ಣವನ್ನಲ್ಲ. ಹಾಗಾಗಿ ಹಿಮ ಅದನ್ನು ಮೋಸ ಮಾಡೋಕಾಗಲ್ಲ. ನೋಟ್‌ಬುಕ್ ತೆಗೆದು ನೋಡಿದೆ. ಜಿನ್ನಿಂಗ್ ಅಂಗಳದ ಒಳ್ಳೇ ಫೋಟೋಗಳೂ ಹೆಚ್ಚುಕಡಿಮೆ ಅಲ್ಲಿಗೇ ಬಂದಿದ್ದವು.

ಹಳದಿ ಫಿಲ್ಟರ್ ಒಂದು ಮಾತ್ರ ಮರೆಯಬೇಡಿ. ಹಿಮದ ಮೇಲಿನ ನೆರಳು ನಮಗೆ ಬೂದಿ ಅನಿಸಿದರೂ ಅದರಲ್ಲಿ ಆಕಾಶದ ನೀಲಿ ಇರುತ್ತದೆ. ಹಳದಿ ಗಾಜು ಆ ನೀಲಿಯನ್ನು ತಡೆದು ನೆರಳನ್ನು ಗಾಢ ಮಾಡುತ್ತದೆ. ಗಾಳಿ ಎಳೆದ ಗೆರೆ, ನಾಯಿ ಓಡಿದ ಹೆಜ್ಜೆ, ಎಲ್ಲಾ ಎದ್ದು ಬರುತ್ತದೆ. ಅದಕ್ಕೆ ಒಂದು ಸ್ಟಾಪ್ ಹೆಚ್ಚಿಗೆ ಕೊಡಬೇಕು. ಮೀಟರ್ ಇದ್ದರೆ ಅದೇ ನೋಡಿಕೊಳ್ಳುತ್ತಿತ್ತು. ಸತ್ತಿದೆ ಅನ್ನೋದು ಮರೆತು ಐದು ಫ್ರೇಮ್ ಕಳೆದುಕೊಂಡೆ.

ಅಲ್ಲಿ ನಿಂತು ಬ್ಯಾಟರಿಗಾಗಿ ಅಳುತ್ತಿದ್ದಾಗ ಬ್ರಿಟಿಷರ ಕಾಲದ ಫೋಟೋಗ್ರಾಫರ್ ಸ್ಯಾಮ್ಯುಯೆಲ್ ಬೋರ್ನ್ ನೆನಪಾದ. 1866ರಲ್ಲಿ ಹಿಮಾಲಯದಲ್ಲಿ 18,000 ಅಡಿಗೂ ಮೇಲಿನ ಮಣಿರಂಗ್ ಕಣಿವೆದಾರಿಗೆ ಗಾಜಿನ ಪ್ಲೇಟು, ಟೆಂಟು, ರಾಸಾಯನಿಕ ಎಲ್ಲಾ ಹೊರಿಸಿಕೊಂಡು ಹೋಗಿದ್ದ ಪುಣ್ಯಾತ್ಮ. ಪ್ಲೇಟಿಗೆ ಅಲ್ಲೇ ಮದ್ದು ಬಳಿದು, ಅದು ಒಣಗುವ ಮೊದಲೇ ಫೋಟೋ ತೆಗೆದು, ತೊಳೆದೂ ಮುಗಿಸಬೇಕಿತ್ತು. ಆ ಚಳಿಯಲ್ಲಿ! ನಾನು ಬಾಯಿ ಮುಚ್ಚಿಕೊಂಡು ಮುಂದಿನ ಫ್ರೇಮ್ ತೆಗೆದೆ.

ಊರಿಗೆ ಬಂದ ಮೇಲೆ ತೊಳೆಯುವ ಕೆಲಸ. ಈ ಫಿಲ್ಮನ್ನು ಹೊಡೆದ ಮೇಲೆ ಬೀರುವಿನಲ್ಲಿ ಇಟ್ಟು ಮರೆಯುವ ಹಾಗಿಲ್ಲ, ಮೂರು ತಿಂಗಳೊಳಗೆ ತೊಳೆಯಿರಿ ಅಂತ ಕಂಪನಿಯೇ ಹೇಳುತ್ತದೆ. ಡೆವಲಪರ್ ಐಡಿ-11, ಸಮಸಮ ನೀರು, 20 ಡಿಗ್ರಿ, ಎಂಟೂವರೆ ನಿಮಿಷ. ಮಾರ್ಚ್‌ನಲ್ಲಿ ನಮ್ಮ ಮಾಳಿಗೆ ಮೇಲಿನ ಟ್ಯಾಂಕಿನ ನೀರು 20 ಡಿಗ್ರಿಯಂತೆ! ತಂಪು ಪಾನೀಯದ ಅಂಗಡಿಯಿಂದ ಐಸ್ ತಂದು ಬುಟ್ಟಿಯಲ್ಲಿ ಹಾಕಿ, ಅದರಲ್ಲಿ ಬಾಟಲಿಗಳನ್ನು ನಿಲ್ಲಿಸಿ ತಣ್ಣಗೆ ಮಾಡಿದೆ. ಹಿಮ ಬರೀ ಬಿಳುಪಾಗಿ ಅಳಿಸಿ ಹೋಗದಿರಲಿ ಅಂತ ಏಳೂಕಾಲು ನಿಮಿಷಕ್ಕೇ ನಿಲ್ಲಿಸಿದೆ. ಕೊನೆಗೆ ನಲ್ಲಿ ನೀರಿನಲ್ಲಿ ಜಾಲಾಡಿಸಿ ಬಚ್ಚಲಲ್ಲಿ ನೇತುಹಾಕಿದೆ.

ಸ್ಕ್ಯಾನ್ ಮಾಡಿ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ ತಕ್ಷಣ ಸೋದರಮಾವ ಬರೆದರು: "ಭಾರಿ ತಗದೀಯಪಾ, ಹಿಮ ಬೀಳೂದು ಸೈತ ಹೆಂಗ ಬಂದೈತಿ ನೋಡು." ಅವತ್ತು ಮೋಡವೇ ಇರಲಿಲ್ಲ. ಆದರೂ ಫೋಟೋದಲ್ಲಿ ಕಪ್ಪು ಆಕಾಶದ ತುಂಬಾ ಸಣ್ಣ ಸಣ್ಣ ಬಿಳಿ ಚುಕ್ಕೆ. ನಾನು ಥ್ಯಾಂಕ್ಸ್ ಮಾಮಾ ಅಂತ ಟೈಪ್ ಮಾಡುತ್ತಿದ್ದೆ. ಅವ್ವ ಕನ್ನಡಕ ಏರಿಸಿ ಫೋನನ್ನು ಹತ್ತಿರ ಹಿಡಿದು ನೋಡಿದಳು.

"ಇದು ನಮ್ಮ ಬೋರಿನ ನೀರಿನ ಕಲಿ. ಸ್ಟೀಲ್ ಕೊಡದ ಮ್ಯಾಲ ಕೂಡ್ತಾವಲ್ಲ, ಹಂಗ ಅದಾವ."

ನೆಗೆಟಿವ್ ಮೇಲೆ ಒಣಗಿ ಕೂತ ಉಪ್ಪು ಬೆಳಕನ್ನು ತಡೆದರೆ ಫೋಟೋದಲ್ಲಿ ಬಿಳಿ ಚುಕ್ಕೆಯಾಗುತ್ತದೆ. ಇನ್ವರ್ಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಐದು ಲೀಟರ್ ತಂದಿಟ್ಟಿದ್ದೇನೆ, ಮುಂದಿನ ರೋಲಿನ ಕೊನೇ ಜಾಲಾಡಿಕೆಗೆ. ಮಾಮನಿಗೆ ಮಾತ್ರ ಇನ್ನೂ ಹೇಳಿಲ್ಲ.