ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ?

ನಾನು ಈಗ ನೆಲೆಸಿರುವ ಜಪಾನಿನ ಕೋಬೆ ನಗರದಲ್ಲಿ, ಹೊಸದಾಗಿ ಬಾಡಿಗೆಗೆ ಬಂದ ನಮ್ಮ ಮನೆಗೆ ಬಡಾವಣೆಯ ಸಂಘದ ಹಿರಿಯರೊಬ್ಬರು ಬಂದು, ಮನೆಯಲ್ಲಿ ಎಷ್ಟು ಜನ ಇದ್ದೀರಿ, ರಾತ್ರಿ ಯಾರು ಯಾವ ಕೋಣೆಯಲ್ಲಿ ಮಲಗುತ್ತೀರಿ ಎಂದು ಕೇಳಿ ಬರೆದುಕೊಂಡರು. ಈ ಪ್ರಶ್ನೆಯ ಹಿಂದೆ 1995ರ ಜನವರಿ 17ರ ಬೆಳಗಿನ ಜಾವವಿದೆ.

ಅಂದು 5 ಗಂಟೆ 46 ನಿಮಿಷಕ್ಕೆ ಸಂಭವಿಸಿದ 7.3 ಪ್ರಮಾಣದ ಭೂಕಂಪ ಮತ್ತು ಅದರ ಪರಿಣಾಮಗಳಿಂದ ಒಟ್ಟು 6,434 ಜನ ಸತ್ತರು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಅವರವರ ಮನೆಯೇ; ಭಾರವಾದ ಹೆಂಚಿನ ಮಾಡು ಹೊತ್ತಿದ್ದ ಹಳೆಯ ಮರದ ಮನೆಗಳು ಮಲಗಿದ್ದವರ ಮೇಲೆ ಕುಸಿದವು. ಬೀದರ್ ಕಡೆಯವನಾದ ನನಗೆ ಇದನ್ನು ಕೇಳುವಾಗಲೆಲ್ಲ ನಮ್ಮ ಗಡಿಯಾಚೆಯ, ಮಹಾರಾಷ್ಟ್ರದ ಕಿಲ್ಲಾರಿ ಎಂಬ ಊರಿನ ಭೂಕಂಪ ನೆನಪಾಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಬಂದು ಮಲಗಿದ್ದ ಜನರ ಮೇಲೆ ಕಲ್ಲು ಮಣ್ಣಿನ ಗೋಡೆಗಳೂ ದಪ್ಪ ಮಣ್ಣಿನ ಮಾಳಿಗೆಗಳೂ ಬಿದ್ದವು. ಕಂಪನ ಕೋಬೆಯದಕ್ಕಿಂತ ಚಿಕ್ಕದಾಗಿತ್ತು, ಆದರೂ ಸತ್ತವರು ಹತ್ತಿರ ಹತ್ತಿರ 10,000. ತಮ್ಮ ನೆಲ ಗಟ್ಟಿಯಾದದ್ದು, ಇಲ್ಲಿ ದೊಡ್ಡ ಭೂಕಂಪ ಆಗುವುದಿಲ್ಲ ಎಂಬ ನಂಬಿಕೆ ಎರಡೂ ಕಡೆ ಇತ್ತು.

ಕೋಬೆಯಲ್ಲಿ ಅವಶೇಷಗಳಡಿ ಸಿಕ್ಕಿ ಬದುಕಿ ಬಂದವರಲ್ಲಿ ಹೆಚ್ಚಿನವರನ್ನು ಹೊರಗೆಳೆದವರು ಮನೆಯವರು ಮತ್ತು ನೆರೆಹೊರೆಯವರು. ರಸ್ತೆಗಳು ಮುರಿದಿದ್ದವು, ಬೆಂಕಿ ಆರಿಸಲು ನೀರಿರಲಿಲ್ಲ, ಎಲ್ಲೆಡೆಗೂ ಹೋಗುವಷ್ಟು ರಕ್ಷಣಾ ಸಿಬ್ಬಂದಿಯೂ ಇರಲಿಲ್ಲ. ಭೂಕಂಪ ಕೇಂದ್ರದ ಸಮೀಪದಲ್ಲಿದ್ದ ಅವಾಜಿ ದ್ವೀಪದ ಹೊಕುದಾನ್ ಪಟ್ಟಣದಲ್ಲಿ ಯಾವ ಮನೆಯ ಅಜ್ಜಿ ಯಾವ ಮೂಲೆಯಲ್ಲಿ ಮಲಗುತ್ತಾಳೆ ಎಂಬುದು ಪಕ್ಕದ ಮನೆಯವರಿಗೆ ಗೊತ್ತಿದ್ದುದರಿಂದ, ಅವರು ನೇರವಾಗಿ ಅಲ್ಲಿಯೇ ಅಗೆದು ಸುಮಾರು 300 ಜನರನ್ನು ಹೊರತೆಗೆದರು. ಅದೇ ದಿನ ಮಧ್ಯಾಹ್ನದ ಹೊತ್ತಿಗೆ ಊರಿನ ಎಲ್ಲರ ಲೆಕ್ಕ ಸಿಕ್ಕಿತ್ತು. ಇಂದು ಕೋಬೆಯಲ್ಲಿ ಪ್ರಾಥಮಿಕ ಶಾಲೆಯ ವ್ಯಾಪ್ತಿಗೊಂದರಂತೆ ಇರುವ ನಿವಾಸಿಗಳ ಸಂಘಗಳು ಅಣಕು ತಾಲೀಮು ನಡೆಸುವುದೂ, ಹಾರೆ, ಗರಗಸ, ಜಾಕುಗಳನ್ನು ಜೋಡಿಸಿಟ್ಟುಕೊಳ್ಳುವುದೂ ಈ ಅನುಭವದಿಂದಲೇ.

ಆದರೆ ನನ್ನನ್ನು ಹೆಚ್ಚು ಕಾಡುವುದು ನೆಲ ನಿಂತ ಮೇಲೆ ನಡೆದದ್ದು. ಮನೆ ಕಳೆದುಕೊಂಡವರಿಗಾಗಿ ಸರ್ಕಾರ 48,000ಕ್ಕೂ ಹೆಚ್ಚು ತಾತ್ಕಾಲಿಕ ಮನೆಗಳನ್ನು ಕಟ್ಟಿತು. ನಗರದೊಳಗೆ ಜಾಗವಿಲ್ಲದೆ ಅವುಗಳಲ್ಲಿ ಅನೇಕವು ಊರಾಚೆಯ ಗುಡ್ಡಗಳಲ್ಲೂ ಸಮುದ್ರ ತುಂಬಿಸಿ ಮಾಡಿದ ನೆಲದಲ್ಲೂ ಎದ್ದವು. ವೃದ್ಧರಿಗೂ ಅಂಗವಿಕಲರಿಗೂ ಆದ್ಯತೆ ಕೊಟ್ಟು ಚೀಟಿ ಎತ್ತಿ ಹಂಚಲಾಯಿತು. ಉದ್ದೇಶ ಒಳ್ಳೆಯದೇ ಆಗಿತ್ತು, ನ್ಯಾಯವೂ ಇತ್ತು. ಆದರೆ ಐವತ್ತು ವರ್ಷ ಒಂದೇ ಓಣಿಯಲ್ಲಿ ಬಾಳಿದ ಮುದುಕರು ಹೆಸರು ತಿಳಿಯದ ಮುದುಕರ ನಡುವೆ ಒಂಟಿಯಾದರು. ಯಾರೂ ಬಾಗಿಲು ತಟ್ಟದ ಆ ಮನೆಗಳಲ್ಲಿ ಮುಂದಿನ ವರ್ಷಗಳಲ್ಲಿ 200ಕ್ಕೂ ಹೆಚ್ಚು ಜನ ಒಬ್ಬೊಬ್ಬರೇ ಸತ್ತರು. ಭೂಕಂಪದಿಂದ ಬದುಕಿ ಉಳಿದವರನ್ನು ಒಳ್ಳೆಯ ಮನಸ್ಸಿನ ಒಂದು ಪಟ್ಟಿ ಹೀಗೆ ಚದುರಿಸಿತು ಎಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಜಪಾನ್ ಇದರಿಂದ ಕಲಿಯಿತು. 2004ರಲ್ಲಿ ನೀಗಾತಾ ಪ್ರಾಂತ್ಯದಲ್ಲಿ ಭೂಕಂಪವಾಗಿ ಯಮಕೋಶಿ ಎಂಬ ಬೆಟ್ಟದೂರನ್ನು ಪೂರ್ತಿ ತೆರವು ಮಾಡಿಸಿದಾಗ, ತಾತ್ಕಾಲಿಕ ಮನೆಗಳಲ್ಲಿ ಕೇರಿ ಕೇರಿಯನ್ನೇ ಒಟ್ಟಿಗೆ ಇಳಿಸಿದರು. ಕಿಲ್ಲಾರಿ ಸುತ್ತಲಿನ ಹಳ್ಳಿಗಳಲ್ಲಾದರೋ, ಊರನ್ನು ಬೇರೆಡೆಗೆ ಸಾಗಿಸಿ ಅಗಲವಾದ ರಸ್ತೆಗಳ ಹೊಸ ಬಡಾವಣೆ ಮಾಡಿದಾಗ, ಒಡೆತನದ ಜಮೀನು ಎಷ್ಟೋ ಅದಕ್ಕೆ ತಕ್ಕ ಅಳತೆಯ ಮನೆ ಎಂಬ ಲೆಕ್ಕ ಬಂತು. ಹೊಸ ಮನೆಗಳು ಗಟ್ಟಿಯಾದವು. ಹಳೆಯ ಓಣಿಯ ನೆರೆ ಮಾತ್ರ ಹಾಗೆಯೇ ಉಳಿಯಲಿಲ್ಲ.

2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ಮೇಲಿಂದ ಮೇಲೆ ನೆಲ ನಡುಗಿ, ಜನ ಮನೆಯೊಳಗೆ ಮಲಗಲು ಹೆದರಿ ಬಯಲಲ್ಲಿ ರಾತ್ರಿ ಕಳೆದ ಸುದ್ದಿಯನ್ನು ನಾನು ಇಲ್ಲಿಂದ ಓದಿದೆ. ಆ ಭಾಗದಲ್ಲಿ ಗೋಡೆಗಳನ್ನು ಗಟ್ಟಿ ಮಾಡುವ ಕೆಲಸ ತಡಮಾಡದೆ ಆಗಬೇಕು. ಮುಂದೆ ಎಂದಾದರೂ ಊರನ್ನೇ ಬೇರೆಡೆಗೆ ಸಾಗಿಸುವ ಮಾತು ಬಂದರೆ, ಮನೆ ಸಂಖ್ಯೆಯ ಪಟ್ಟಿಗೆ ಮೊದಲು ಯಾರ ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ಅಧಿಕಾರಿಗಳು ಊರವರನ್ನೇ ಕೂರಿಸಿಕೊಂಡು ಬರೆದುಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.